ನೌಕಾವೈದ್ಯ ಹಕ್ಸ್ಲಿ ಮತ್ತು ಅವನ ಹೆಸರಿನ ಪದಕ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿಗಳ ನಾಮಾವಳಿಯಲ್ಲಿ ಥಾಮಸ್ ಹೆನ್ರಿ ಹಕ್ಸ್ಲಿಯ ಹೆಸರು ಚಾರ್ಲ್ಸ್ ಡಾರ್ವಿನ್ನನ ಹೆಸರಿನ ಬೆನ್ನಿಗೇ ಬರುತ್ತದೆ. ಡಾರ್ವಿನ್ನನ ವಿಕಾಸವಾದವನ್ನು ಸಭೆಗಳಲ್ಲಿ ಎತ್ತಿಹಿಡಿದ ವಾಗ್ಮಿ ಎಂದೇ ಲೋಕವು ಅವನನ್ನು ಬಲ್ಲದು. ಆ ಕೀರ್ತಿಯ ಪ್ರಖರತೆಯಲ್ಲಿ ಮತ್ತೊಂದು ಸಂಗತಿ ಮಸುಕಾಗಿದೆ. ಹಕ್ಸ್ಲಿಯು ತನ್ನ ವೃತ್ತಿಜೀವನವನ್ನು ಆರಂಭಿಸಿದ್ದು ವಿಕ್ಟೋರಿಯಾ ರಾಣಿಯ ನೌಕಾಪಡೆಯ ಸಹಾಯಕ ಶಸ್ತ್ರವೈದ್ಯನಾಗಿ. ವಿಶ್ವವಿದ್ಯಾನಿಲಯದ ಪದವಿಯನ್ನು ಪೂರ್ಣಗೊಳಿಸದ ಈ ಪುರುಷನಿಗೆ ನಿಜವಾದ ವಿದ್ಯಾಪೀಠವಾದದ್ದು ಸೋರುತ್ತಿದ್ದ ಒಂದು ಹಡಗು. ಅಲ್ಲಿ ಅವನು ಏನನ್ನು ಕಲಿತನು, ಅದಕ್ಕಾಗಿ ಏನನ್ನು ತೆತ್ತನು ಎಂಬುದು ವಿದ್ಯಾಸಂಸ್ಥೆಗಳಲ್ಲಿ ಬದುಕು ಸವೆಸುವವರಿಗೆ ಮನನಯೋಗ್ಯವಾದ ವಿಷಯ.

ಹಕ್ಸ್ಲಿಯು 1825ನೆಯ ಇಸವಿ ಮೇ 4ರಂದು ಲಂಡನ್ನಿನ ಸಮೀಪದ ಈಲಿಂಗ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಜಾರ್ಜ್ ಹಕ್ಸ್ಲಿಯು ಅಲ್ಲಿನ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯ. ಮನೆಯಲ್ಲಿ ಮಕ್ಕಳು ಹೆಚ್ಚು, ಆದಾಯ ಕಡಿಮೆ. ಉಪಾಧ್ಯಾಯನ ಮಗನಾಗಿದ್ದೂ ಬಾಲಕನಿಗೆ ದೊರೆತ ಶಾಲಾಭ್ಯಾಸವು ಎರಡೇ ವರ್ಷಗಳದು. ಹತ್ತನೆಯ ವಯಸ್ಸಿನ ಮೇಲೆ ಅವನು ತಾನೇ ತನಗೆ ಗುರುವಾದನು. ಸಿಕ್ಕಿದ ಗ್ರಂಥವನ್ನೆಲ್ಲ ಓದಿ, ಜರ್ಮನ್ ಭಾಷೆಯನ್ನು ಸ್ವಪ್ರಯತ್ನದಿಂದ ಕಲಿತನು. ಈ ಜರ್ಮನ್ ಭಾಷೆಯೇ ಮುಂದೆ ಅವನಿಗೆ ಯೂರೋಪಿನ ಪ್ರಾಣಿಶಾಸ್ತ್ರದ ಬಾಗಿಲನ್ನು ತೆರೆಯಿತು.

ಆ ಕಾಲದಲ್ಲಿ ಹಣವಿಲ್ಲದ ಹುಡುಗನಿಗೆ ವೈದ್ಯವೃತ್ತಿಯನ್ನು ಸೇರಲು ಇದ್ದ ದಾರಿಯೆಂದರೆ ವೈದ್ಯನೊಬ್ಬನ ಬಳಿ ಶಿಷ್ಯವೃತ್ತಿ. 1841ರಲ್ಲಿ ಹಕ್ಸ್ಲಿಯು ಲಂಡನ್ನಿನ ಬಂದರು ಪ್ರದೇಶವಾದ ರೋದರ್‌ಹೈತ್‌ನಲ್ಲಿ ವೈದ್ಯನೊಬ್ಬನ ಸಹಾಯಕನಾಗಿ ಸೇರಿದನು. ಅಲ್ಲಿ ಅವನು ಕಂಡ ದಾರಿದ್ರ್ಯವು ಜೀವನಪರ್ಯಂತ ಅವನ ಕಣ್ಣಿನಿಂದ ಮರೆಯಾಗಲಿಲ್ಲ. ಔಷಧವನ್ನು ಬೇಡಿ ಬಂದವರಿಗೆ ಬೇಕಾಗಿದ್ದುದು ಅನ್ನವೆಂಬುದನ್ನು ಹದಿನಾರರ ವಯಸ್ಸಿನಲ್ಲಿಯೇ ಅವನು ಅರಿತನು. ಮುಂದೆ ಕೂಲಿಕಾರರಿಗಾಗಿ ಉಪನ್ಯಾಸಮಾಲೆಗಳನ್ನು ನಡೆಸಿದ ಹಕ್ಸ್ಲಿಯ ಬೇರು ಇಲ್ಲಿದೆಯೆಂದು ನನ್ನ ಎಣಿಕೆ.

1842ರಲ್ಲಿ ಸಸ್ಯಶಾಸ್ತ್ರದ ಸ್ಪರ್ಧೆಯೊಂದರಲ್ಲಿ ಅವನಿಗೆ ಬೆಳ್ಳಿಯ ಪದಕ ದೊರೆಯಿತು. ಅದೇ ವರ್ಷ ಚೇರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ವಿದ್ಯಾರ್ಥಿವೇತನವೂ ಲಭಿಸಿತು. 1845ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪ್ರಥಮ ವೈದ್ಯಪರೀಕ್ಷೆಯಲ್ಲಿ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಗಳಿಗೆ ಚಿನ್ನದ ಪದಕವನ್ನು ಪಡೆದನು. ಆ ವರ್ಷವೇ ಕೂದಲಿನ ಬುಡದ ಒಳಗವಚದಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಒಂದು ಪದರವನ್ನು ಕಂಡುಹಿಡಿದು ಪ್ರಕಟಿಸಿದನು. ವೈದ್ಯವಿದ್ಯಾರ್ಥಿಗಳು ಇಂದಿಗೂ ಅದನ್ನು ಹಕ್ಸ್ಲಿಯ ಪದರವೆಂದೇ ಓದುತ್ತಾರೆ. ಆದರೆ ಪದಕವು ಸಾಲವನ್ನು ತೀರಿಸಲಾರದು. ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳದೆಯೇ ಆತನು ನೌಕಾಪಡೆಯ ವೈದ್ಯಕೀಯ ಶಾಖೆಯ ಮುಖ್ಯಸ್ಥನಾಗಿದ್ದ ಸರ್ ವಿಲಿಯಂ ಬರ್ನೆಟ್ಟನಿಗೆ ಉದ್ಯೋಗ ಕೋರಿ ಪತ್ರ ಬರೆದನು. ಕರೆ ಬಂದಿತು, 1846ರಲ್ಲಿ ಹ್ಯಾಸ್ಲರ್ ನೌಕಾ ಆಸ್ಪತ್ರೆಯಲ್ಲಿ ಸೇವೆ ಆರಂಭವಾಯಿತು.

ಹ್ಯಾಸ್ಲರಿನಲ್ಲಿ ಅವನ ಮೇಲಧಿಕಾರಿಯಾಗಿದ್ದವನು ಸರ್ ಜಾನ್ ರಿಚರ್ಡ್‌ಸನ್. ಈತನೂ ನೌಕಾವೈದ್ಯನೇ, ಉತ್ತರಧ್ರುವ ಪ್ರದೇಶದ ಅನ್ವೇಷಣೆಯಲ್ಲಿ ಹಸಿವಿನಿಂದ ಸಾವಿನ ಅಂಚಿಗೆ ಹೋಗಿ ಬಂದವನು, ಮೀನುಗಳ ಶಾಸ್ತ್ರದಲ್ಲಿ ಹೆಸರಾದವನು. ಮಿತಭಾಷಿಯಾಗಿದ್ದ ಈ ಹಿರಿಯನು ತರುಣನ ಯೋಗ್ಯತೆಯನ್ನು ಸದ್ದಿಲ್ಲದೆ ಅಳೆದನು. ಶಿಫಾರಸು ಮಾಡಿದ ಮೇಲೆಯೂ ಆ ಮಾತನ್ನು ಎತ್ತಲಿಲ್ಲ. ಫಲವಾಗಿ ಹಕ್ಸ್ಲಿಯು ರ್‍ಯಾಟಲ್‌ಸ್ನೇಕ್ ಎಂಬ ಹಡಗಿಗೆ ಸಹಾಯಕ ಶಸ್ತ್ರವೈದ್ಯನಾಗಿ ನಿಯುಕ್ತನಾದನು.

1846ರ ಡಿಸೆಂಬರ್ 3ರಂದು ಆ ಹಡಗು ಪ್ಲಿಮತ್ ಬಂದರನ್ನು ಬಿಟ್ಟಿತು. 28 ತೋಪುಗಳ ದರ್ಜೆಯ ಹಳೆಯ ಯುದ್ಧನೌಕೆ ಅದು. ಆಸ್ಟ್ರೇಲಿಯಾದ ಪೂರ್ವದಲ್ಲಿರುವ ಮಹಾ ಹವಳದಿಬ್ಬದ ಒಳದಾರಿ, ಟಾರೆಸ್ ಜಲಸಂಧಿ, ನ್ಯೂ ಗಿನಿಯ ದಕ್ಷಿಣ ತೀರ ಇವುಗಳ ನಕ್ಷೆಯನ್ನು ತಯಾರಿಸುವುದು ಅದರ ಕಾರ್ಯ. ಕಪ್ತಾನನು ಓವೆನ್ ಸ್ಟ್ಯಾನ್ಲಿ. ಹಡಗಿಗೆ ಮುಖ್ಯವೈದ್ಯನೊಬ್ಬನಿದ್ದನು, ಪ್ರಕೃತಿಶಾಸ್ತ್ರಜ್ಞನ ಹುದ್ದೆಯಲ್ಲಿ ಮ್ಯಾಕ್‌ಗಿಲಿವ್ರೆ ಎಂಬುವನಿದ್ದನು. ಪ್ರಾಣಿಶಾಸ್ತ್ರದ ಸಂಶೋಧನೆಯು ಹಕ್ಸ್ಲಿಯ ಕರ್ತವ್ಯವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವನ ಕರ್ತವ್ಯ ನಾವಿಕರ ಗಾಯಗಳಿಗೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಔಷಧ ಕೊಡುವುದು. ಸಹಾಯಕ ವೈದ್ಯನಿಗೆ ಅಧಿಕಾರಿಗಳ ಸಾಲಿನಲ್ಲಿ ಸ್ಥಾನವಿರಲಿಲ್ಲ. ಹದಿಹರೆಯದ ಕಿರಿಯ ನೌಕಾ ತರಬೇತಿಗಾರರೊಡನೆ ಊಟ, ಅವರ ಗದ್ದಲದ ನಡುವೆಯೇ ವಾಸ. ಎತ್ತರದ ಆಳಾದ ಅವನು ತನ್ನ ಕೋಣೆಯಲ್ಲಿ ನೆಟ್ಟಗೆ ನಿಲ್ಲುವಂತಿರಲಿಲ್ಲ. ಹಡಗಿನ ತುಂಬ ಜಿರಲೆಗಳು, ಮೇಲ್ಕಟ್ಟಿನಿಂದ ಸೋರುವ ನೀರು. ಶಾಸ್ತ್ರಗ್ರಂಥಗಳಿಗಾಗಿ ಕಪ್ತಾನನು ಸಲ್ಲಿಸಿದ ಬೇಡಿಕೆಯನ್ನು ನೌಕಾ ಇಲಾಖೆಯು ತಿರಸ್ಕರಿಸಿತ್ತು.

ಇಂಥ ಸನ್ನಿವೇಶದಲ್ಲಿ ಅವನು ಮಾಡಿದ್ದೇನು? ಮಾಂಸದ ಮೇಲೆ ನೊಣ ಕೂರದಂತೆ ಮುಚ್ಚುವ ತಂತಿಯ ಮುಚ್ಚಳವನ್ನೇ ಬಲೆಯನ್ನಾಗಿ ಮಾರ್ಪಡಿಸಿ ಕಡಲಿಗೆ ಇಳಿಬಿಟ್ಟನು. ನಕ್ಷೆಗಳ ಕೋಣೆಯಲ್ಲಿ ಒಂದು ಮೂಲೆಯನ್ನು ಕಪ್ತಾನನು ಕೊಟ್ಟಾಗ, ಹಡಗಿನ ಹೊಯ್ದಾಟಕ್ಕೆ ಉರುಳದಂತೆ ಸೂಕ್ಷ್ಮದರ್ಶಕವನ್ನು ಮೇಜಿಗೆ ಬಿಗಿದು ಕಟ್ಟಿದನು. ಬಲೆಗೆ ಬೀಳುತ್ತಿದ್ದುದು ಅಂಬಲಿಮೀನು ಮುಂತಾದ ಮೃದುದೇಹಿಗಳು. ಇವು ನೀರಿನಿಂದ ತೆಗೆದ ಸ್ವಲ್ಪ ಹೊತ್ತಿನಲ್ಲಿ ಕರಗಿ ರೂಪಗೆಡುತ್ತವೆ. ಕಡಲಿನಿಂದ ದೂರವಿದ್ದ ವಿದ್ವಾಂಸರು ಸೀಸೆಯಲ್ಲಿ ಕಂಡದ್ದು ಅವುಗಳ ವಿಕಾರವನ್ನು ಮಾತ್ರ. ಹಡಗಿನ ವೈದ್ಯನಿಗಾದರೋ ಅವು ಜೀವಂತವಾಗಿ ಕೈಗೆ ಸಿಕ್ಕುತ್ತಿದ್ದವು. ಗ್ರಂಥಾಲಯವಿಲ್ಲದ ಕೊರತೆಯನ್ನು ಸಮುದ್ರವೇ ತುಂಬಿಕೊಟ್ಟಿತೆನ್ನಬೇಕು.

ಅಲ್ಲಿ ಅವನು ಕಂಡ ತತ್ತ್ವವು ಸರಳವಾದುದು, ಆದರೆ ದೂರಗಾಮಿಯಾದುದು. ಅಂಬಲಿಮೀನು, ಅದರ ಬಳಗದ ಇತರ ಜೀವಿಗಳು ಮೇಲುನೋಟಕ್ಕೆ ಎಷ್ಟೇ ಭಿನ್ನವಾಗಿ ತೋರಿದರೂ ಅವೆಲ್ಲವುಗಳ ದೇಹವು ಎರಡು ಮೂಲಪದರಗಳಿಂದ ಆಗಿದೆ; ಹೊರಗೊಂದು, ಒಳಗೊಂದು. ಇಷ್ಟಕ್ಕೇ ಅವನು ನಿಲ್ಲಲಿಲ್ಲ. ಉನ್ನತ ಪ್ರಾಣಿಗಳ ಭ್ರೂಣವು ಬೆಳೆಯುವಾಗ ಮೊದಮೊದಲು ಕಾಣಿಸಿಕೊಳ್ಳುವ ಪದರಗಳಿಗೂ ಈ ಎರಡು ಪದರಗಳಿಗೂ ಸಾದೃಶ್ಯವಿದೆಯೆಂದು ಸೂಚಿಸಿದನು. ಕಡಲಿನ ಅಲ್ಪಜೀವಿಯ ಪ್ರೌಢದೇಹಕ್ಕೂ ಕಶೇರುಕ ಪ್ರಾಣಿಯ ಮೊದಲ ದೆಸೆಗೂ ಒಂದೇ ವಿನ್ಯಾಸವೆಂಬ ಈ ಸೂಚನೆಯ ಮಹತ್ತ್ವವು ವಿಕಾಸವಾದವು ಪ್ರಕಟವಾದ ಮೇಲೆ ಸಂಪೂರ್ಣವಾಗಿ ಬೆಳಗಿತು. ಆಗ ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ.

ಪ್ರಬಂಧವನ್ನು ಕಪ್ತಾನ ಸ್ಟ್ಯಾನ್ಲಿಯು ತನ್ನ ತಂದೆಗೆ ಕಳುಹಿಸಿದನು. ತಂದೆ ಎಡ್ವರ್ಡ್ ಸ್ಟ್ಯಾನ್ಲಿಯು ನಾರಿಚ್ ನಗರದ ಬಿಷಪ್. ಲಿನೆಯನ್ ಸೊಸೈಟಿಯ ಅಧ್ಯಕ್ಷ. ಆ ವೃದ್ಧ ಧರ್ಮಾಧಿಕಾರಿಯು ಅದನ್ನು ರಾಯಲ್ ಸೊಸೈಟಿಗೆ ತಲುಪಿಸಿದನು; 1849ರಲ್ಲಿ ಅದು ಮುದ್ರಣವಾಯಿತು. ವಿಕಾಸವಾದಕ್ಕಾಗಿ ಮುಂದೆ ಧರ್ಮಾಧಿಕಾರಿಗಳೊಡನೆ ವಾದಿಸಿದವನ ಮೊದಲ ಹಿರಿಯ ಪ್ರಬಂಧವು ಬಿಷಪ್ಪನೊಬ್ಬನ ಕೈಯಿಂದಲೇ ವಿದ್ವತ್ಸಭೆಯನ್ನು ಮುಟ್ಟಿತೆಂಬುದು ಕಾಲದ ಒಂದು ವಿನೋದ. ಹಡಗಿನಲ್ಲಿದ್ದ ಹಕ್ಸ್ಲಿಗಾದರೋ ತನ್ನ ಬರಹಗಳು ಏನಾದವೆಂಬುದರ ಸುದ್ದಿಯೇ ಇರಲಿಲ್ಲ. ಬಿಷಪ್ಪನು 1849ರಲ್ಲಿ ತೀರಿಕೊಂಡನು. ಕಪ್ತಾನನು 1850ರ ಮಾರ್ಚಿಯಲ್ಲಿ, ಸಿಡ್ನಿಯ ಬಂದರಿನಲ್ಲಿ, ಮೂವತ್ತೆಂಟರ ಪ್ರಾಯದಲ್ಲಿ ಅಸುನೀಗಿದನು. ಆ ವರ್ಷದ ನವೆಂಬರಿನಲ್ಲಿ ಹಡಗಿನ ಸಿಬ್ಬಂದಿಯು ಇಂಗ್ಲೆಂಡಿನಲ್ಲಿ ಚದುರಿದಾಗ, ಅಜ್ಞಾತನಾಗಿ ಹೊರಟಿದ್ದವನು ಪರಿಚಿತನಾಗಿ ಮರಳಿದ್ದನು.

ಸಿಡ್ನಿಯಲ್ಲಿ 1847ರಲ್ಲಿ ಅವನು ಹೆನ್ರಿಯೆಟಾ ಹೀಥಾರ್ನ್ ಎಂಬ ಕನ್ಯೆಯನ್ನು ಕಂಡನು, ವಿವಾಹವು ನಿಶ್ಚಯವಾಯಿತು. ಸಂಸಾರವನ್ನು ಹೂಡುವಷ್ಟು ವರಮಾನ ಮಾತ್ರ ಇರಲಿಲ್ಲ. ಆಕೆ ಆಸ್ಟ್ರೇಲಿಯಾದಲ್ಲಿ, ಈತನು ಇಂಗ್ಲೆಂಡಿನಲ್ಲಿ. ನಡುವೆ ತಿಂಗಳುಗಟ್ಟಲೆ ಸಾಗುವ ಟಪಾಲು. ಅವನ ಮುಂದಿನ ಐದು ವರ್ಷಗಳ ಸಂಕಟವನ್ನು ಅರಿಯಲು ಇದನ್ನು ನೆನಪಿನಲ್ಲಿಡುವುದು ಅಗತ್ಯ.

1851ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. 1852ರಲ್ಲಿ ಅದೇ ಸಂಸ್ಥೆಯ ರಾಯಲ್ ಪದಕವು ಅವನಿಗೆ ಸಂದಿತು. ಸನ್ಮಾನಗಳು ಹೀಗೆ ಬಂದವು, ಉದ್ಯೋಗ ಬರಲಿಲ್ಲ. ಟೊರಾಂಟೊ, ಅಬರ್ಡೀನ್, ಕಾರ್ಕ್, ಲಂಡನ್ನಿನ ಕಿಂಗ್ಸ್ ಕಾಲೇಜು ಎಲ್ಲ ಕಡೆಯೂ ಅರ್ಜಿ ಹಾಕಿ ನಿರಾಶನಾದನು. ಟೊರಾಂಟೊದ ಪೀಠವು ಆ ಪ್ರಾಂತದ ಪ್ರಧಾನಿಯಾಗಿದ್ದ ಫ್ರಾನ್ಸಿಸ್ ಹಿಂಕ್ಸನ ಸಹೋದರನ ಪಾಲಾಯಿತು. ಇಂಥ ನಿಯುಕ್ತಿಗಳು ಯಾವುದೋ ಒಂದು ದೇಶದ ಸೊತ್ತಲ್ಲವೆಂದು ಹೇಳಿ ಮುಂದೆ ಸಾಗುವುದು ಲೇಸು.

ನೌಕಾ ಇಲಾಖೆಯು ಅವನಿಗೆ ಹಡಗಿನ ಸೇವೆಯಿಂದ ವಿರಾಮವನ್ನು ಕೊಟ್ಟು, ತಂದ ಸಾಮಗ್ರಿಯನ್ನು ವಿಂಗಡಿಸಿ ಬರೆಯಲು ಅವಕಾಶವನ್ನಿತ್ತಿತ್ತು. ಚಿತ್ರಗಳೊಡನೆ ಗ್ರಂಥವನ್ನು ಅಚ್ಚು ಹಾಕಿಸಲು ಧನಸಹಾಯವನ್ನು ಬೇಡಿದಾಗ ಮಾತ್ರ ಕೈಯಾಡಿಸಿತು. ವಿರಾಮವನ್ನು ಕೆಲವು ಬಾರಿ ವಿಸ್ತರಿಸಿದ ಮೇಲೆ, 1854ರಲ್ಲಿ, ಪೋರ್ಟ್ಸ್‌ಮತ್ ಬಂದರಿನಲ್ಲಿದ್ದ ಹಡಗೊಂದನ್ನು ಸೇರಬೇಕೆಂದು ಆಜ್ಞೆ ಬಂದಿತು. ಇಲ್ಲಿ ಅವನ ಜೀವನದ ಕವಲುದಾರಿ. ಸೇರಿದರೆ ಸಂಬಳ ನಿಶ್ಚಿತ, ಸಂಶೋಧನೆ ಮುಗಿದಂತೆ. ಸೇರದಿದ್ದರೆ ಇದ್ದ ಒಂದೇ ಆಧಾರವೂ ತಪ್ಪುತ್ತದೆ. ಸಿಡ್ನಿಯಲ್ಲಿ ಕಾಯುತ್ತಿದ್ದವಳ ಕಾಯುವಿಕೆಯು ಇನ್ನೂ ಎಷ್ಟು ಬೆಳೆಯುವುದೋ ಹೇಳುವಂತಿಲ್ಲ. ಮುದ್ರಣಕ್ಕೆ ನೆರವು ಕೊಡುವೆವೆಂಬ ಭರವಸೆಯನ್ನು ಇಲಾಖೆಯು ನಡೆಸಿಕೊಡಲಿಲ್ಲವೆಂದು ವಾದಿಸಿ ಹಕ್ಸ್ಲಿಯು ಹೋಗಲು ನಿರಾಕರಿಸಿದನು. ಅವನ ಹೆಸರನ್ನು ನೌಕಾಪಡೆಯ ಪಟ್ಟಿಯಿಂದ ಹೊಡೆದುಹಾಕಲಾಯಿತು. ಇಲಾಖೆಯನ್ನು ಪೂರ್ತಿಯಾಗಿ ದೂಷಿಸುವಂತೆಯೂ ಇಲ್ಲ. ಅದು ಯುದ್ಧದ ವರ್ಷ, ಹಡಗುಗಳಿಗೆ ವೈದ್ಯರು ಬೇಕಾಗಿದ್ದರು. ಆದರೂ ಆ ದಿನ ಅವನು ಆಜ್ಞೆಗೆ ತಲೆಬಾಗಿದ್ದರೆ ನೌಕಾಪಡೆಗೆ ಒಬ್ಬ ವೈದ್ಯನು ಹೆಚ್ಚುತ್ತಿದ್ದನು, ಲೋಕಕ್ಕೆ ಒಬ್ಬ ಆಚಾರ್ಯನು ಕಡಿಮೆಯಾಗುತ್ತಿದ್ದನು.

ಕೆಲವೇ ತಿಂಗಳುಗಳಲ್ಲಿ ಅದೃಷ್ಟವು ತಿರುಗಿತು. ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸನು ಎಡಿನ್‌ಬರೋ ನಗರಕ್ಕೆ ತೆರಳಿದ್ದರಿಂದ ಲಂಡನ್ನಿನ ಸರ್ಕಾರಿ ಗಣಿವಿದ್ಯಾಶಾಲೆಯಲ್ಲಿ ತೆರವಾದ ಅಧ್ಯಾಪಕ ಸ್ಥಾನವು ಹಕ್ಸ್ಲಿಗೆ ದೊರೆಯಿತು. 1855ರ ಜುಲೈಯಲ್ಲಿ, ಎಂಟು ವರ್ಷಗಳ ನಿರೀಕ್ಷೆಯ ಬಳಿಕ, ಅವನ ವಿವಾಹವು ನೆರವೇರಿತು. ಕಡಲಯಾನದ ಫಲವಾದ ಗ್ರಂಥವು 1859ರಲ್ಲಿ ರೇ ಸೊಸೈಟಿಯ ಮೂಲಕ ಬೆಳಕು ಕಂಡಿತು. ಡಾರ್ವಿನ್ನನ ಮಹಾಗ್ರಂಥವು ಹೊರಬಂದ ವರ್ಷವೂ ಅದೇ ಆದುದರಿಂದ ಈ ಪುಸ್ತಕದ ಕಡೆ ಯಾರೂ ಹೆಚ್ಚಾಗಿ ಕಣ್ಣು ಹಾಯಿಸಲಿಲ್ಲ.

1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸನೊಡನೆ ನಡೆದ ವಾದವನ್ನು ಎಲ್ಲರೂ ಬಲ್ಲರು. ಅದನ್ನು ಹೇಳಿದವರು ಬಗೆಬಗೆಯಾಗಿ ಹೇಳಿದ್ದಾರೆ. ಆ ವಿಜಯದ ಕಥೆಗಿಂತ, ಮೂರು ತಿಂಗಳೂ ತುಂಬುವ ಮೊದಲೇ ಅವನ ಮನೆಯಲ್ಲಿ ನಡೆದುದು ಹೆಚ್ಚು ಮನಕಲಕುವಂಥದು. ಸೆಪ್ಟೆಂಬರಿನಲ್ಲಿ ಅವನ ಚೊಚ್ಚಲ ಮಗ ನೋಯೆಲ್, ಇನ್ನೂ ನಾಲ್ಕು ವರ್ಷ ತುಂಬದ ಕೂಸು, ಕೆಂಜ್ವರದಿಂದ ಎರಡು ದಿನಗಳ ಒಳಗೆ ಮೃತನಾದನು. ಸ್ವತಃ ವೈದ್ಯನಾದವನು ಕೈಕಟ್ಟಿ ನೋಡಬೇಕಾಯಿತು. ಚಾರ್ಲ್ಸ್ ಕಿಂಗ್ಸ್ಲಿ ಎಂಬ ಕ್ರೈಸ್ತ ಪುರೋಹಿತನು ಸಾಂತ್ವನದ ಪತ್ರವನ್ನು ಬರೆದನು. ಅದಕ್ಕೆ ಹಕ್ಸ್ಲಿಯು ಬರೆದ ದೀರ್ಘ ಉತ್ತರದಲ್ಲಿ ಮಿತ್ರನ ಸೌಜನ್ಯಕ್ಕೆ ಕೃತಜ್ಞತೆಯಿದೆ. ಪರಲೋಕದ ಆಶ್ವಾಸನೆಯನ್ನು ದುಃಖದ ನೆಪದಿಂದ ಸ್ವೀಕರಿಸಲಾರೆನೆಂಬ ದೃಢತೆಯೂ ಇದೆ. ಪ್ರಮಾಣವಿಲ್ಲದ್ದನ್ನು ಸುಖಕ್ಕಾಗಿ ನಂಬುವುದು ಅವನಿಗೆ ಒಗ್ಗಲಿಲ್ಲ. ನಂಬುವವರನ್ನು ಹೀಯಾಳಿಸುವುದೂ ಅಲ್ಲಿಲ್ಲ. 1869ರಲ್ಲಿ ಅವನು ತನ್ನ ನಿಲುವಿಗೆ ಅಜ್ಞೇಯವಾದವೆಂಬ ಅರ್ಥದ ಹೊಸ ಹೆಸರನ್ನಿಟ್ಟನು. ಅದನ್ನು ನಾಸ್ತಿಕವಾದವೆಂದು ಭಾವಿಸುವವರುಂಟು. ಅರಿಯದುದನ್ನು ಅರಿತೆನೆನ್ನಬಾರದೆಂಬ ಸಂಯಮಕ್ಕೂ ಇಲ್ಲವೆಂಬ ಹಟಕ್ಕೂ ಇರುವ ಅಂತರವನ್ನು ತರ್ಕಶಾಸ್ತ್ರದ ಪರಿಚಯವಿದ್ದವರಿಗೆ ವಿವರಿಸಬೇಕಾಗಿಲ್ಲ.

1870ರಲ್ಲಿ ಲಂಡನ್ನಿನ ಪ್ರಥಮ ಶಾಲಾಮಂಡಳಿಗೆ ಅವನು ಆರಿಸಿಬಂದನು. ಬಡವರ ಮಕ್ಕಳಿಗೆ ಓದುಬರಹದೊಡನೆ ಚಿತ್ರಕಲೆ, ಸಂಗೀತ, ಅಂಗಸಾಧನೆ, ವಿಜ್ಞಾನದ ಮೂಲಪಾಠ ಇವೂ ಸಲ್ಲಬೇಕೆಂದು ವಾದಿಸಿದನು. ಬೈಬಲ್ ಪಠನವು ಶಾಲೆಯಲ್ಲಿ ಇರಲಿ, ಪಂಥಗಳ ವ್ಯಾಖ್ಯಾನ ಬೇಡ ಎಂಬ ಅವನ ಮಾತು ಎರಡೂ ಪಕ್ಷದವರಿಗೆ ಅಚ್ಚರಿಯನ್ನು ತಂದಿತು. 1871ರ ಬೇಸಿಗೆಯಲ್ಲಿ ಲಂಡನ್ನಿನ ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಅವನು ನಡೆಸಿದ ಶಿಬಿರವಂತೂ ಉಪಾಧ್ಯಾಯರಿಗಾಗಿಯೇ ಏರ್ಪಟ್ಟದ್ದು. ಬೆಳಿಗ್ಗೆ ಉಪನ್ಯಾಸ, ಅನಂತರ ಅದೇ ವಿಷಯದ ಮೇಲೆ ಪ್ರತಿಯೊಬ್ಬನೂ ಸ್ವಹಸ್ತದಿಂದ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಬರೆಯಬೇಕು. ಹುದುಗುಬರಿಸುವ ಅಣುಸಸ್ಯ, ಅವರೆಯ ಗಿಡ, ಕಪ್ಪೆ, ಹೊಳೆಯ ಸಿಗಡಿ ಇವೇ ಪಾಠದ ವಸ್ತುಗಳು. ಹತ್ತಾರು ಸಾವಿರ ಜೀವಿಗಳ ಹೆಸರನ್ನು ಉರುಹೊಡೆಯುವ ಬದಲು ಕೆಲವನ್ನು ಬುಡಮುಟ್ಟ ಅರಿಯುವ ಈ ಕ್ರಮವು 1875ರಲ್ಲಿ ಪುಸ್ತಕರೂಪ ತಾಳಿತು. ಅದು ಹಡಗಿನ ನಕ್ಷೆಯ ಕೋಣೆಯಲ್ಲಿ ಅವನೇ ಅನುಸರಿಸಿದ ಕ್ರಮವೆಂಬುದು ಸ್ಪಷ್ಟ. ಉಪಾಧ್ಯಾಯನು ತಾನು ಕಣ್ಣಾರೆ ಕಾಣದುದನ್ನು ಹುಡುಗರಿಗೆ ಕಾಣಿಸಲಾರನು. ನಮ್ಮಲ್ಲಿ ಎಷ್ಟೋ ಶಾಲೆಗಳ ಸೂಕ್ಷ್ಮದರ್ಶಕವು ತಪಾಸಣೆಯ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತದೆ. ದಾನಿಗಳು ಕೊಟ್ಟದ್ದು ಅದಕ್ಕಾಗಿ ಅಲ್ಲ.

1883ರಿಂದ 1885ರವರೆಗೆ ಅವನು ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. 1888ರಲ್ಲಿ ಕಾಪ್ಲಿ ಪದಕ, 1894ರಲ್ಲಿ ಡಾರ್ವಿನ್ ಪದಕ ಬಂದವು. 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ ವಿಕಾಸಕ್ಕೂ ನೀತಿಗೂ ಇರುವ ಸಂಬಂಧವನ್ನು ವಿಚಾರಿಸುತ್ತ, ಬ್ರಹ್ಮ, ಆತ್ಮ, ಕರ್ಮ ಎಂಬ ನಮ್ಮ ದರ್ಶನಗಳ ತತ್ತ್ವಗಳನ್ನೂ ಬುದ್ಧನ ಬೋಧೆಯನ್ನೂ ಗ್ರೀಕರ ಚಿಂತನೆಯ ಬದಿಯಲ್ಲಿಟ್ಟು ತೂಗಿದನು. ಬಲಿಷ್ಠನು ಬದುಕುವುದು ಪ್ರಕೃತಿಯ ನಡೆಯಾದರೆ, ಅದನ್ನು ಎದುರಿಸಿ ದುರ್ಬಲನನ್ನು ಉಳಿಸುವುದು ಮನುಷ್ಯನ ಧರ್ಮವೆಂಬುದು ಅಲ್ಲಿಯ ಸಾರ. ವಿಕಾಸವಾದವನ್ನು ನಿರ್ದಯತೆಗೆ ಸಮರ್ಥನೆಯಾಗಿ ಬಳಸುವವರಿಗೆ ಆ ವಾದದ ಪ್ರಬಲ ಪ್ರತಿಪಾದಕನೇ ಕೊಟ್ಟ ಉತ್ತರವಿದು. 1895ರ ಜೂನ್ 29ರಂದು ಅವನು ತೀರಿಕೊಂಡನು. ಲಂಡನ್ನಿನ ಈಸ್ಟ್ ಫಿಂಚ್ಲಿಯಲ್ಲಿ, ನೋಯೆಲ್ ಸತ್ತಾಗ ಕೊಂಡಿದ್ದ ಪುಟ್ಟ ನೆಲದಲ್ಲಿಯೇ ಅವನ ಸಮಾಧಿಯಿದೆ.

ಮಿತ್ರರೂ ಶಿಷ್ಯರೂ ಸೇರಿ ಸ್ಮಾರಕಕ್ಕಾಗಿ ನಿಧಿಯನ್ನು ಕೂಡಿಸಿದರು. ಆನ್ಸ್ಲೋ ಫೋರ್ಡನು ಕಡೆದ ಅಮೃತಶಿಲೆಯ ಪ್ರತಿಮೆಯು 1900ರ ಏಪ್ರಿಲಿನಲ್ಲಿ ಲಂಡನ್ನಿನ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ ಅನಾವರಣಗೊಂಡಿತು. ಅವನು ಪಾಠ ಹೇಳಿದ ವಿದ್ಯಾಶಾಲೆಯ ಮುಂದಿನ ರೂಪವಾದ ರಾಯಲ್ ಕಾಲೇಜ್ ಆಫ್ ಸೈನ್ಸಿನ ವಿದ್ಯಾರ್ಥಿಗಳಿಗಾಗಿ ಅವನ ಹೆಸರಿನ ಪದಕ ಏರ್ಪಟ್ಟಿತು; ಫ್ರಾಂಕ್ ಬೌಚರ್ ಎಂಬ ಪದಕಶಿಲ್ಪಿಯು ಹಕ್ಸ್ಲಿಯ ಮುಖವನ್ನು ಲೋಹದಲ್ಲಿ ಮೂಡಿಸಿದನು. ಮಾನವಶಾಸ್ತ್ರ ಸಂಸ್ಥೆಯು 1900ರಲ್ಲಿ ಆರಂಭಿಸಿದ ಹಕ್ಸ್ಲಿ ಸ್ಮಾರಕ ಉಪನ್ಯಾಸ ಮತ್ತು ಪದಕಕ್ಕೆ ಇನ್ನೂ ಹೆಚ್ಚಿನ ಔಚಿತ್ಯವಿದೆ. ಒಂದು ಕಾಲದಲ್ಲಿ ಪರಸ್ಪರ ಕಚ್ಚಾಡುತ್ತಿದ್ದ ಎರಡು ಸಂಘಗಳನ್ನು 1871ರಲ್ಲಿ ಒಂದುಗೂಡಿಸಿ ಆ ಸಂಸ್ಥೆಯು ಹುಟ್ಟುವಂತೆ ಶ್ರಮಿಸಿದವರಲ್ಲಿ ಹಕ್ಸ್ಲಿಯೇ ಪ್ರಮುಖನು. ಮೊದಲ ಉಪನ್ಯಾಸವನ್ನು ಲಾರ್ಡ್ ಏವ್‌ಬರಿಯು ಕೊಟ್ಟನು. ಮರುವರ್ಷ ಫ್ರಾನ್ಸಿಸ್ ಗಾಲ್ಟನ್. 1920ರಲ್ಲಿ ಈ ಗೌರವಕ್ಕೆ ಪಾತ್ರನಾದ ಹ್ಯಾಡನ್ ಎಂಬ ಪಂಡಿತನು, ರ್‍ಯಾಟಲ್‌ಸ್ನೇಕ್ ಅಳೆದು ಬಂದಿದ್ದ ಅದೇ ಟಾರೆಸ್ ಜಲಸಂಧಿಗೆ ಪ್ರಾಣಿಶಾಸ್ತ್ರಜ್ಞನಾಗಿ ಹೋಗಿ, ಅಲ್ಲಿಯ ಜನರ ಬದುಕಿಗೆ ಮನಸೋತು ಮಾನವಶಾಸ್ತ್ರಜ್ಞನಾಗಿ ಮರಳಿದವನು.

ಹಕ್ಸ್ಲಿಯ ಎಲ್ಲ ಅಭಿಪ್ರಾಯಗಳೂ ಕಾಲದ ಒರೆಗಲ್ಲಿಗೆ ನಿಂತಿಲ್ಲ. ಗುಲಾಮಗಿರಿಯನ್ನು ಅವನು ವಿರೋಧಿಸಿದನು. ಆದರೂ 1865ರ ಲೇಖನವೊಂದರಲ್ಲಿ ಕರಿಯರು ಬುದ್ಧಿಯಲ್ಲಿ ಬಿಳಿಯರಿಗೆ ಸಮರಲ್ಲವೆಂಬ ಅರ್ಥದ ಮಾತನ್ನು ಬರೆದನು. ರಾಯಲ್ ಕಾಲೇಜನ್ನು ಒಳಗೊಂಡು ಬೆಳೆದ ಇಂಪೀರಿಯಲ್ ಕಾಲೇಜು ನೇಮಿಸಿದ ಸಮಿತಿಯು, ಅಲ್ಲಿರುವ ಅವನ ಪ್ರತಿಮೆಯನ್ನು ತೆಗೆದಿಡಬೇಕು, ಅವನ ಹೆಸರಿನ ಕಟ್ಟಡಕ್ಕೆ ಬೇರೆ ಹೆಸರಿಡಬೇಕು ಎಂದು 2021ರಲ್ಲಿ ಶಿಫಾರಸು ಮಾಡಿತು. ಈ ದೋಷವನ್ನು ಮುಚ್ಚಿಡುವುದು ಅಭಿಮಾನವಲ್ಲ. ಪ್ರಮಾಣವಿಲ್ಲದೆ ಒಪ್ಪಬೇಡವೆಂದವನ ಮಾತನ್ನು ಅವನಿಗೇ ಅನ್ವಯಿಸಿದರೆ ಇಲ್ಲಿ ಅವನು ಸೋಲುತ್ತಾನೆ.

ಅಂಥವನ ಹೆಸರಿನ ಉಪನ್ಯಾಸಕ್ಕೆ 1976ರಲ್ಲಿ ಆಹ್ವಾನಿತರಾದವರು ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು. 1916ರಲ್ಲಿ ಜನಿಸಿ, ಮೈಸೂರು ಸೀಮೆಯ ರಾಂಪುರದಲ್ಲಿ ತಂಗಿದ್ದು ಹಳ್ಳಿಯ ಬದುಕನ್ನು ಒಳಹೊಕ್ಕು ಅಭ್ಯಸಿಸಿದವರು ಅವರು. ಆ ಹಳ್ಳಿಯ ಮೇಲಿನ ಅವರ ಪ್ರಸಿದ್ಧ ಗ್ರಂಥವು ಹೊರಬಂದದ್ದೂ 1976ರಲ್ಲಿಯೇ. ಲಂಡನ್ನಿನಲ್ಲಿ ಅವರು ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ, ಭಾರತೀಯ ಸ್ತ್ರೀಯರ ಬದಲಾಗುತ್ತಿರುವ ಸ್ಥಾನಮಾನ. 1977ರಲ್ಲಿ ಅದು ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು.